ಪ್ಲೇಟ್‌ಲೆಟ್ ಪರೀಕ್ಷೆ: ಸಣ್ಣ ಕೈಗಾರಿಕೆಗಳು ಗಮನಿಸಬೇಕಾದ ಕ್ಷೇತ್ರ

ಡೆಂಗ್ಯೂ ಜ್ವರದ ಹಾವಳಿಯಿಂದಾಗಿ ಪ್ಲೇಟ್‌ಲೆಟ್ ಎಂಬ ಶಬ್ದ ಮನೆಮಾತಾಗಿದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳಿರಬೇಕೆಂಬ ಲೆಕ್ಕವೂ ಬಹುಜನರಿಗೆ ತಿಳಿದಿದೆ. ಆದರೆ ಉಗ್ರಾಣದ ಮೂಟೆಗಳನ್ನು ಎಣಿಸಿದ ಮಾತ್ರಕ್ಕೆ ಸರಕಿನ ಗುಣ ತಿಳಿಯದೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. ಆಸ್ಪಿರಿನ್ ಸೇವಿಸುವವರಲ್ಲಿ ಎಣಿಕೆ ಸರಿಯಾಗಿಯೇ ಇರುತ್ತದೆ. ಆದರೆ ಔಷಧ ತಾಗಿದ ಪ್ಲೇಟ್‌ಲೆಟ್ ತನ್ನ 7ರಿಂದ 10 ದಿನಗಳ ಆಯುಷ್ಯ ಮುಗಿಯುವವರೆಗೂ ಒಂದಕ್ಕೊಂದು ಅಂಟಿಕೊಳ್ಳುವ ಕೆಲಸವನ್ನು ಸರಿಯಾಗಿ ಮಾಡಲಾರದು.

ಇದರ ಪರಿಣಾಮ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಎದುರಾಗುತ್ತದೆ. ಕ್ಲೋಪಿಡೋಗ್ರೆಲ್ ಸೇವಿಸುತ್ತಿರುವ ರೋಗಿಗೆ ಬೈಪಾಸ್ ನಿಗದಿಯಾದರೆ ಸಾಮಾನ್ಯವಾಗಿ 5 ದಿನ ಮೊದಲೇ ಆ ಮಾತ್ರೆಯನ್ನು ನಿಲ್ಲಿಸಲಾಗುತ್ತದೆ. ಆದರೆ ಔಷಧದ ಪ್ರಭಾವ ಎಲ್ಲರಲ್ಲೂ ಏಕರೂಪವಾಗಿರುವುದಿಲ್ಲ. ಆನುವಂಶಿಕ ಕಾರಣದಿಂದ ಅದನ್ನು ದೇಹದಲ್ಲಿ ಸಕ್ರಿಯಗೊಳಿಸಿಕೊಳ್ಳಲಾಗದವರು ನಮ್ಮ ಜನರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅಂಥವರು ಅನಗತ್ಯವಾಗಿ ಕಾಯುವ ಒಂದೊಂದು ದಿನವೂ ಹಾಸಿಗೆಯ ಬಾಡಿಗೆ, ಮನೆಯವರ ಕೂಲಿನಷ್ಟ, ಮತ್ತೊಂದು ಹೃದಯಾಘಾತದ ಭೀತಿ. ಹಾಸಿಗೆಯ ಪಕ್ಕದಲ್ಲೇ ಕೆಲವು ನಿಮಿಷಗಳಲ್ಲಿ ಉತ್ತರ ನೀಡುವ ಪರೀಕ್ಷೆಗೆ ಬೆಲೆಯಿರುವುದು ಇಲ್ಲಿ.

1962ರಲ್ಲಿ ಲಂಡನ್ನಿನ ಬಾರ್ನ್ ಪ್ರಕಟಿಸಿದ ಬೆಳಕಿನ ವಿಧಾನವೇ ಇಂದಿಗೂ ಪ್ರಮಾಣವೆನಿಸಿದೆ. ಅದಕ್ಕೆ ಸೆಂಟ್ರಿಫ್ಯೂಜ್ ಬೇಕು, ಪಳಗಿದ ಕೈ ಬೇಕು. ರಕ್ತ ತೆಗೆದ ಸುಮಾರು 4 ಗಂಟೆಗಳೊಳಗೆ ಪರೀಕ್ಷೆ ಮುಗಿಯಲೂ ಬೇಕು. ರಾಯಚೂರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಬಸ್ಸಿನಲ್ಲಿ ಬೆಂಗಳೂರು ತಲುಪುವ ವೇಳೆಗೆ ನಿರುಪಯುಕ್ತವಾಗಿರುತ್ತದೆ. ಎಂದಮೇಲೆ ಪರೀಕ್ಷೆಯೇ ರೋಗಿಯ ಬಳಿಗೆ ಹೋಗಬೇಕು.

ವಿದೇಶೀ ಉಪಕರಣಗಳು ಈ ಕೆಲಸವನ್ನು ಮಾಡುತ್ತಿವೆ. ವೆರಿಫೈನೌ ಎಂಬುದರಲ್ಲಿ ಫೈಬ್ರಿನೋಜನ್ ಲೇಪಿಸಿದ ಸೂಕ್ಷ್ಮ ಮಣಿಗಳಿಗೆ ಪ್ಲೇಟ್‌ಲೆಟ್‌ಗಳು ಅಂಟಿ ಗುಂಪುಗೂಡಿದಂತೆ ಬೆಳಕು ಹೆಚ್ಚಾಗಿ ಹಾಯುತ್ತದೆ. ಪಿಎಫ್‌ಎ-100ರಲ್ಲಿ ಕೊಲಾಜನ್ ಲೇಪಿತ ಪೊರೆಯ ಕಿರುರಂಧ್ರ ಮುಚ್ಚಲು ಹಿಡಿಯುವ ಸಮಯವನ್ನು ಅಳೆಯಲಾಗುತ್ತದೆ. ಯಂತ್ರದ ಖರ್ಚು ಒಮ್ಮೆ ಮಾತ್ರ. ಒಂದೇ ಬಳಕೆಯ ಕಾರ್ಟ್ರಿಜ್‌ನ ಖರ್ಚು ಪ್ರತಿ ಪರೀಕ್ಷೆಗೂ ಬೀಳುತ್ತದೆ. ಸಕ್ಕರೆ ಪರೀಕ್ಷೆಯ ಸ್ಟ್ರಿಪ್ ಮಾರುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಆದ್ದರಿಂದ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಘಟಕಗಳು ಯಂತ್ರಕ್ಕಿಂತ ಮೊದಲು ಕಾರ್ಟ್ರಿಜ್‌ನತ್ತ ದೃಷ್ಟಿ ಹರಿಸುವುದು ಉಚಿತ. ಇದು ಸುಲಭದ ಅಚ್ಚಿನ ಕೆಲಸವೇನಲ್ಲ. ಪ್ಲೇಟ್‌ಲೆಟ್‌ಗಳನ್ನು ತಾನೇ ಕೆರಳಿಸದಂತಹ ಪ್ಲಾಸ್ಟಿಕ್ ಬೇಕು, ತಂಡದಿಂದ ತಂಡಕ್ಕೆ ವ್ಯತ್ಯಾಸವಿರಕೂಡದು, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲೂ ಒಳಗಿನ ರಾಸಾಯನಿಕ ಕೆಡಬಾರದು. ರಕ್ತಹೀನತೆಯಿರುವವರಲ್ಲಿ ಫಲಿತಾಂಶ ಏರುಪೇರಾಗುತ್ತದೆ. ನಮ್ಮಲ್ಲಿ ರಕ್ತಹೀನತೆ ವ್ಯಾಪಕವಾಗಿರುವುದರಿಂದ ವಿನ್ಯಾಸದಲ್ಲಿಯೇ ಇದನ್ನು ಪರಿಗಣಿಸಬೇಕಾಗುತ್ತದೆ.

ಸ್ಟೆಂಟ್ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಬೇಕೆಂಬ ಪ್ರಚಾರವನ್ನು ಮಾತ್ರ ನಂಬಲಾಗದು. ಪರೀಕ್ಷೆಯ ಆಧಾರದಲ್ಲಿ ಔಷಧ ಬದಲಿಸುವುದರಿಂದ ಹೃದಯಾಘಾತ, ಸಾವು ಕಡಿಮೆಯಾಗಲಿಲ್ಲವೆಂದು 2011ರ ಗ್ರಾವಿಟಾಸ್ ಹಾಗೂ 2012ರ ಆರ್ಕ್ಟಿಕ್ ಅಧ್ಯಯನಗಳು ತೋರಿಸಿವೆ. ಶಸ್ತ್ರಚಿಕಿತ್ಸೆ ಹಾಗೂ ಕಾರಣ ತಿಳಿಯದ ರಕ್ತಸ್ರಾವ, ಇವೇ ನಿಜವಾದ ಮಾರುಕಟ್ಟೆ. ಅದು ಸೀಮಿತವಾದುದು, ಸಣ್ಣ ಉದ್ಯಮಕ್ಕೆ ಅದೇ ಅನುಕೂಲವಾಗಲೂಬಹುದು.

ಅಡಚಣೆ ಬಂಡವಾಳದ್ದೊಂದೇ ಅಲ್ಲ. ಕೇಂದ್ರದ ಬೈರಾಕ್ ಸಂಸ್ಥೆ ಆರಂಭಿಕ ಹಂತದ ಕಲ್ಪನೆಗಳಿಗೆ 50 ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುವ ಯೋಜನೆಯನ್ನು ರೂಪಿಸಿದೆ. 2018ರ ಜನವರಿಯಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳೂ ಪರವಾನಗಿಯ ಹಾದಿಯನ್ನು ಸ್ಪಷ್ಟಪಡಿಸಿವೆ. ಇಲ್ಲದಿರುವುದು ತಾಜಾ ರಕ್ತದ ಲಭ್ಯತೆ. 4 ಗಂಟೆಗಳ ನಿರ್ಬಂಧ ಪರೀಕ್ಷೆಗಿರುವಂತೆಯೇ ಅದನ್ನು ರೂಪಿಸುವವನಿಗೂ ಇದೆ. ಆದಕಾರಣ ವಾಣಿಜ್ಯ ಸಂಸ್ಥೆಗಳು ಹೃದ್ರೋಗ ಆಸ್ಪತ್ರೆಗಳೊಡನೆ ಮಾತುಕತೆ ನಡೆಸಿ, ನೈತಿಕ ಸಮಿತಿಯ ಅನುಮತಿಯೊಂದಿಗೆ, ಹಲವು ಘಟಕಗಳು ದಿನದ ಬಾಡಿಗೆಗೆ ಬಳಸಬಹುದಾದ ಒಂದು ಸಾಮಾನ್ಯ ಪರೀಕ್ಷಾ ಕೊಠಡಿಯನ್ನು ವಾರ್ಡಿನ ಸಮೀಪದಲ್ಲೇ ಪಡೆಯಲು ಯತ್ನಿಸಬೇಕು. ಕೇಳಬೇಕಾದುದು ಒಂದು ಮೇಜು, ಒಂದು ಸೆಂಟ್ರಿಫ್ಯೂಜ್ ಮತ್ತು ರಕ್ತ ಕೊಡಲೊಪ್ಪಿದ ರೋಗಿಗಳ ಸಹಕಾರ, ಇಷ್ಟೇ.