ದುಡ್ಡು ಬೇಡ, ಒಪ್ಪಿಕೊಳ್ಳಿ ಸಾಕು

ಅಕೇಡಿಯನ್ನರ ವಿಷಯ ಹೇಳ್ತಿದ್ದಾಗ ಗೆಳೆಯನೊಬ್ಬ ನಕ್ಕುಬಿಟ್ಟ. “ಮಾಡಿದವರೂ ಸತ್ತರು, ಅನುಭವಿಸಿದವರೂ ಸತ್ತರು. ಈಗ ಯಾರು ಯಾರ ಹತ್ತಿರ ತಪ್ಪೊಪ್ಪಿಕೊಳ್ಳೋದು ಮಾರಾಯ?”

ಈಗಿನ ಕೆನಡಾದ ನೋವಾ ಸ್ಕೋಶಿಯಾದಲ್ಲಿ, ಸಮುದ್ರದ ಉಬ್ಬರಕ್ಕೆ ಒಡ್ಡು ಕಟ್ಟಿ ಜೌಗು ನೆಲವನ್ನು ಹೊಲ ಮಾಡಿಕೊಂಡಿದ್ದ ಫ್ರೆಂಚ್ ಮಾತಿನ ರೈತರು ಇವರು. ಆಳುತ್ತಿದ್ದವರು ಬ್ರಿಟಿಷರು. ಷರತ್ತಿಲ್ಲದೆ ರಾಜನಿಷ್ಠೆಯ ಪ್ರಮಾಣ ಮಾಡಿ ಅಂದರು. ಫ್ರೆಂಚರ ಮೇಲೆ ಆಯುಧ ಎತ್ತಬೇಕಾಗುತ್ತೆ ಅಂತ ಇವರು ಒಪ್ಪಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾಂ-ಪ್ರೆ ಊರಿನ ಗಂಡಸರನ್ನೂ ಹುಡುಗರನ್ನೂ ಚರ್ಚಿಗೆ ಕರೆಸಿ ಆಜ್ಞೆ ಓದಿದರು: ಹೊಲ, ಮನೆ, ದನಕರು ಎಲ್ಲ ದೊರೆಯದ್ದು, ನೀವು ಹೊರಡಿ! 1763ರೊಳಗೆ ಸುಮಾರು 10 ಸಾವಿರ ಜನ ಗಡೀಪಾರು. ಸಾವಿರಾರು ಮಂದಿ ಹಡಗು ಮುಳುಗಿ, ರೋಗ ಬಂದು ಸತ್ತರು.

1990ರಲ್ಲಿ ಇವರ ವಂಶದವರೇ ಆದ ಲೂಸಿಯಾನಾದ ವಕೀಲ ವಾರೆನ್ ಪೆರಿನ್, ಬ್ರಿಟನ್ನಿನ ಸರ್ಕಾರಕ್ಕೂ ರಾಣಿಗೂ ಅರ್ಜಿ ಹಾಕಿದರು. ಪರಿಹಾರದ ದುಡ್ಡು ಕೇಳಲಿಲ್ಲ. ಅನ್ಯಾಯ ಆಗಿತ್ತು ಅಂತ ಒಪ್ಪಿಕೊಳ್ಳಿ ಅಂದರು, ಅಷ್ಟೆ. 2003ರ ಡಿಸೆಂಬರಿನಲ್ಲಿ ರಾಣಿಯ ಹೆಸರಲ್ಲಿ ಕೆನಡಾದಲ್ಲಿ ಘೋಷಣೆ ಹೊರಟಿತು. ನಡೆದದ್ದನ್ನೂ ಜನರ ಸಂಕಟವನ್ನೂ ಅದು ಒಪ್ಪಿಕೊಂಡಿತು. 2005ರಿಂದ ಪ್ರತಿ ಜುಲೈ 28 ಸ್ಮರಣೆಯ ದಿನ. ಆದರೆ ‘ಕ್ಷಮಿಸಿ’ ಅನ್ನೋ ಮಾತಿಲ್ಲ. ಕಾನೂನಿನ ಹೊಣೆ ಹೊರುತ್ತಿಲ್ಲ ಅಂತ ಅದರಲ್ಲೇ ಬರೆದಿದೆ.

ನನ್ನ ಪ್ರಕಾರ ಇದು ಅರ್ಧ ಒಪ್ಪಿಗೆ. ಆದರೂ ಸಣ್ಣದಲ್ಲ. ಇದೇನು ಊರವರ ಜಗಳದಲ್ಲಿ ಆದದ್ದಲ್ಲ, ಸರ್ಕಾರದ ಕಾಗದ ಓದಿ ಹೇಳಿ ಮಾಡಿದ್ದು. ಕಾಗದ ತೋರಿಸಿ ಮನೆ ಕಿತ್ತುಕೊಂಡವರು ಇನ್ನೊಂದು ಕಾಗದದಲ್ಲಿ ಸತ್ಯ ಬರೆದುಕೊಡಬೇಡವೇ?

ಗೆಳೆಯನಿಗೆ ನನ್ನ ಉತ್ತರ ಇಷ್ಟೇ: ಜನ ಸತ್ತರು ನಿಜ, ಆದರೆ ಆಜ್ಞೆ ಹೊರಟ ಸಿಂಹಾಸನ ಇನ್ನೂ ಇದೆಯಲ್ಲ...

ನೀವೇನಂತೀರಿ?