ಪುಸ್ತಕ ಮುಚ್ಚಿಟ್ಟು ಓದುವುದನ್ನೂ ಕಲಿಯೋಣ

ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಯಾವ ಹಾಸ್ಟೆಲಿಗೆ ಹೋದರೂ ದೀಪ ಆರಿರುವುದಿಲ್ಲ. ಜೆರಾಕ್ಸ್ ನೋಟ್ಸು, ಗೈಡು, ಹಳದಿ ಹೈಲೈಟರು. ಅದೇ ಪುಟವನ್ನು ಮತ್ತೆ ಮತ್ತೆ ಓದುವ ಹುಡುಗ ಹುಡುಗಿಯರು. ಸಾಲುಗಳು ಕಣ್ಣಿಗೆ ಪರಿಚಿತವಾದಂತೆಲ್ಲ ವಿಷಯ ತಲೆಗೆ ಹತ್ತಿತೆಂಬ ಧೈರ್ಯ. ಬೆಳಗ್ಗೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮಾತ್ರ ಏನೂ ಹೊಳೆಯುವುದಿಲ್ಲ.

ಇವರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಹೇಗೆ ಓದಬೇಕೆಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಓದುವ ವಿಧಾನದಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಚೆನ್ನಾಗಿ ತೋರಿಸಿತು. ಒಂದು ಗುಂಪಿನ ವಿದ್ಯಾರ್ಥಿಗಳು ನಾಲ್ಕು ಅವಧಿಗಳಲ್ಲೂ ಒಂದೇ ಪಾಠ ಓದಿದರು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಷ್ಟೇ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಲೆಕ್ಕ ತಿರುಗಿತು: ಬರೀ ಓದಿದವರಿಗೆ ಸುಮಾರು ಶೇ. 40ರಷ್ಟು, ನೆನಪಿಸಿಕೊಂಡು ಬರೆದವರಿಗೆ ಶೇ. 61ರಷ್ಟು ಪಾಠ ನೆನಪಿತ್ತು. 2013ರಲ್ಲಿ ಮನೋವಿಜ್ಞಾನಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಒರೆಗೆ ಹಚ್ಚಿದರು. ಗೆರೆ ಎಳೆಯುವುದು, ಮರುಓದು ಕೆಳಗಿನ ಸಾಲಿಗೆ ಬಂದವು. ಸ್ವಯಂ ಪರೀಕ್ಷೆ ಮತ್ತು ಬಿಡುವು ಕೊಟ್ಟು ಓದುವುದು ಮೇಲಿನ ಸಾಲಿಗೆ.

ಇದನ್ನು ರೂಢಿಸಿಕೊಳ್ಳಲು ಕಾಸಿನ ಖರ್ಚಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ಇಂದು ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ ಆಯಿತೆನ್ನಿ. ಸಂಜೆ ನೋಟ್ಸು ಮುಚ್ಚಿ, ಖಾಲಿ ಹಾಳೆಯ ಮೇಲೆ ವ್ಯಾಖ್ಯೆ ಬರೆಯಬೇಕು, ರೇಖಾಚಿತ್ರ ಹಾಕಬೇಕು. ಉಪ್ಪಿನ ಬೆಲೆ ಏರಿದರೂ ಜನ ಕೊಳ್ಳುವುದನ್ನು ಯಾಕೆ ಕಡಿಮೆ ಮಾಡುವುದಿಲ್ಲ ಎಂದು ಸ್ವಂತ ಮಾತಿನಲ್ಲಿ ವಿವರಿಸಬೇಕು. ಆಮೇಲೆ ನೋಟ್ಸು ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಬೇಕು. ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರದ ನಂತರ ಇನ್ನೊಮ್ಮೆ. ಆರಂಭದಲ್ಲಿ ಹಾಳೆ ತುಂಬ ಕೆಂಪೇ ಕಾಣುತ್ತದೆ. ಅದಕ್ಕೆ ಹೆದರಿ ಬಿಡಬಾರದು. ತಡವರಿಸುತ್ತ ನೆನಪಿಸಿಕೊಳ್ಳುವ ಆ ಕಷ್ಟವೇ ಪಾಠವನ್ನು ಗಟ್ಟಿ ಮಾಡುತ್ತದೆ.

ಈ ಹೊಣೆ ವಿದ್ಯಾರ್ಥಿಗಳದಷ್ಟೇ ಅಲ್ಲ. ಅಧ್ಯಾಪಕರಲ್ಲಿ ವಿನಂತಿ: ತರಗತಿಯ ಮೊದಲ ಐದು ನಿಮಿಷ ಹಿಂದಿನ ಪಾಠದ ಎರಡು ಪ್ರಶ್ನೆ ಕೇಳಿ, ಅದಕ್ಕೆ ಅಂಕ ಬೇಡ, ತಪ್ಪಿದವರನ್ನು ನಿಲ್ಲಿಸುವುದೂ ಬೇಡ. ಕಾಲೇಜು ಗ್ರಂಥಾಲಯಗಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ ಕೈಗೆಟುಕುವಂತೆ ಇಡಲಿ. ಮನೆಯಲ್ಲಿ ಹಿರಿಯರು ‘ಎಷ್ಟು ಹೊತ್ತು ಓದಿದೆ?’ ಎನ್ನುವ ಬದಲು ‘ಇವತ್ತು ಏನು ಕಲಿತೆ, ನಂಗೂ ಸ್ವಲ್ಪ ಹೇಳು’ ಎನ್ನಲಿ. ಕೇಳುವವರಿಗೆ ಆ ವಿಷಯ ಗೊತ್ತಿರಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕೇಳಿದ ಪಾಠವನ್ನು ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳುವಾಗ ಎಲ್ಲಿ ಅರ್ಥವಾಗಿಲ್ಲ ಎಂಬುದು ಹೇಳುವವರಿಗೇ ತಿಳಿಯುತ್ತದೆ. ಪರೀಕ್ಷೆಗೆ ಇನ್ನೂ ತಿಂಗಳುಗಳಿರುವಾಗ ಹಾಗೆ ತಿಳಿದರೆ, ಮರುದಿನವೇ ಅಧ್ಯಾಪಕರನ್ನು ಕೇಳಿ ತಿದ್ದಿಕೊಳ್ಳಬಹುದು.