ಇಸ್ಪೀಟಿನ ಮೇಜಿಗೂ ಒಂದು ನೋಟುಪುಸ್ತಕ ಬೇಕು

ಕಳೆದ ಯುಗಾದಿಯಂದು ಮಂಡ್ಯದಿಂದ ಅಕ್ಕ ಕರೆ ಮಾಡಿದ್ದಳು. ಮಾತಿನ ನಡುವೆ ನನ್ನ ಮಗ, "ಅಪ್ಪ ಪ್ರತಿ ತಿಂಗಳೂ ಪೋಕರ್ ಆಡ್ತಾರೆ ಅತ್ತೆ, ಗುರಿಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಕೊಂಡಿದ್ದಾರೆ" ಎಂದುಬಿಟ್ಟ. ಅಕ್ಕನ ದನಿ ಏರಿತು: "ಏನೋ, ಎಂ.ಡಿ. ಓದಿ ಅಮೆರಿಕಕ್ಕೆ ಹೋಗಿದ್ದು ಇಸ್ಪೀಟಾಡೋಕೇನೋ? ಧರ್ಮರಾಯನ ಕಥೆ ಮರೆತೋಯ್ತಾ?"

ಅವಳ ಕೋಪಕ್ಕೆ ಕಾರಣವಿತ್ತು. ಹಬ್ಬದ ದಿನ ನಮ್ಮೂರ ಅರಳಿಕಟ್ಟೆಯ ಮೇಲೆ ಆಟಕ್ಕೆ ಕುಳಿತು ಬೈಕನ್ನು ಅಡವಿಟ್ಟು ಎದ್ದವರನ್ನು ಅವಳು ಕಂಡಿದ್ದಾಳೆ. ಆದರೂ ಆಟಗಾರನಾದವನು ತನ್ನ ಗುರಿಗಳನ್ನು ಬರೆದಿಡುವುದು ತಪ್ಪಲ್ಲ, ಅಗತ್ಯ ಎಂಬುದು ನನ್ನ ಅಭಿಪ್ರಾಯ. ಯಾವುದನ್ನು ಬರೆಯಬೇಕು, ಯಾವುದನ್ನು ಬರೆಯಬಾರದು ಎಂಬುದನ್ನು ಮಾತ್ರ ನಾನು ನಷ್ಟ ತೆತ್ತು ಕಲಿತೆ.

ಒಹಾಯೊದಲ್ಲಿ ವೈದ್ಯನಾಗಿರುವ ನಾನು ಈ ಆಟಕ್ಕೆ ಬಂದದ್ದು ಸಹೋದ್ಯೋಗಿಯೊಬ್ಬರ ಮನೆಯ ಶನಿವಾರದ ಕೂಟದಲ್ಲಿ. ಟೆಕ್ಸಾಸ್ ಹೋಲ್ಡೆಮ್ ಎಂಬ ಈ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆಗಳು. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು. ಕೆಲವು ವರ್ಷಗಳ ನಂತರ ಕ್ಯಾಸಿನೊ ಒಂದರ ಮೇಜಿಗೂ ಹೋಗತೊಡಗಿದೆ. ಆ ವರ್ಷದ ಜನವರಿ 1ರಂದು ಡೈರಿಯಲ್ಲಿ ನಾನು ಬರೆದ ಗುರಿ ಒಂದೇ: ಈ ವರ್ಷ 5,000 ಡಾಲರ್ ಗೆಲ್ಲಬೇಕು.

ಆ ಒಂದು ಸಾಲು ನನ್ನ ಆಟವನ್ನು ಕೆಡಿಸಿತು. ಮಾರ್ಚ್ ವೇಳೆಗೆ ನಷ್ಟದಲ್ಲಿದ್ದೆ. ಗುರಿಯನ್ನು ಮುಟ್ಟುವ ಆತುರದಲ್ಲಿ ಪಣವನ್ನು ಹೆಚ್ಚಿಸಿದೆ. ಒಂದು ರಾತ್ರಿ ನನ್ನ ಕೈಗೆ ಎರಡು ಎಕ್ಕ ಬಂದವು. ಎದುರಾಳಿಯ ಬಳಿ ಎರಡು ರಾಜ. ಇದ್ದುದನ್ನೆಲ್ಲ ಮುಂದೆ ಸರಿಸಿದೆ. ಕೊನೆಯ ಎಲೆಯಾಗಿ ಮೂರನೆಯ ರಾಜ ಬಂದಿತು. ಹೋದದ್ದನ್ನು ಮರಳಿ ಪಡೆಯಲು ಬೆಳಗಿನ ಜಾವ ನಾಲ್ಕರವರೆಗೆ ಕುಳಿತೆ. ಒಟ್ಟು 2,300 ಡಾಲರ್ ಕಳೆದುಕೊಂಡು ಮನೆಗೆ ಬಂದು, ಆಸ್ಪತ್ರೆಯಿಂದ ತುರ್ತು ಕರೆ ಬಂದಿತ್ತೆಂದು ಹೆಂಡತಿಗೆ ಹೇಳಿದೆ. ಹಣಕ್ಕಿಂತ ಆ ಸುಳ್ಳು ನನ್ನನ್ನು ಹೆಚ್ಚು ಕಾಡಿತು. ಒಂದು ವಾರದ ನಂತರ ನಿಜವನ್ನು ಒಪ್ಪಿಕೊಂಡೆ.

ವೈದ್ಯನಾದವನಿಗೆ ಈ ಪಾಠ ಹೊಸದಾಗಬಾರದಿತ್ತು. ಇಲ್ಲಿನ ಆಸ್ಪತ್ರೆಗಳಲ್ಲಿ ಸಾವು ಮತ್ತು ತೊಡಕುಗಳನ್ನು ಪರಿಶೀಲಿಸುವ ಸಭೆಗಳು ನಡೆಯುತ್ತವೆ. ಅಲ್ಲಿ ಕೇಳುವ ಮುಖ್ಯ ಪ್ರಶ್ನೆ ರೋಗಿ ಬದುಕಿದನೇ ಎಂಬುದಲ್ಲ. ಆ ಗಳಿಗೆಯಲ್ಲಿ ತಿಳಿದಿದ್ದ ಸಂಗತಿಗಳ ಆಧಾರದ ಮೇಲೆ ಕೈಗೊಂಡ ನಿರ್ಧಾರ ಸರಿಯೇ ಎಂಬುದು. ಎರಡು ಎಕ್ಕ ಎರಡು ರಾಜನ ಎದುರು ನೂರರಲ್ಲಿ ಸುಮಾರು 82 ಸಲ ಗೆಲ್ಲುತ್ತವೆ. ಉಳಿದ ಸುಮಾರು 18 ಸಲ ಸೋತಾಗ ನಿರ್ಧಾರ ತಪ್ಪಾಗುವುದಿಲ್ಲ. ಪೋಕರ್ ಆಟಗಾರ್ತಿ ಆ್ಯನಿ ಡ್ಯೂಕ್ 2018ರಲ್ಲಿ ಪ್ರಕಟಿಸಿದ 'ಥಿಂಕಿಂಗ್ ಇನ್ ಬೆಟ್ಸ್' ಪುಸ್ತಕದಲ್ಲಿ, ಫಲಿತಾಂಶವನ್ನು ನೋಡಿ ನಿರ್ಧಾರವನ್ನು ಅಳೆಯುವ ಈ ದೋಷವನ್ನೇ ವಿವರಿಸಿದ್ದಾರೆ. ಆ ರಾತ್ರಿ ನನ್ನ ತಪ್ಪು ಎಕ್ಕಗಳನ್ನು ಆಡಿದ್ದಲ್ಲ, ಆ ನಂತರವೂ ಕುಳಿತದ್ದು.

ಆದ್ದರಿಂದ ಹೊಸ ನೋಟುಪುಸ್ತಕದಲ್ಲಿ ಗೆಲ್ಲಬೇಕಾದ ಮೊತ್ತವಿಲ್ಲ. ನಾಲ್ಕೇ ಸಾಲುಗಳಿವೆ.

ಒಂದು, ತಿಂಗಳಿಗೆ 200 ಡಾಲರ್. ಅದು ಮುಗಿದರೆ ಎಟಿಎಂ ಕಡೆಗೆ ತಿರುಗಿಯೂ ನೋಡುವಂತಿಲ್ಲ.

ಎರಡು, ಗೆದ್ದರೂ ಸೋತರೂ ರಾತ್ರಿ ಹನ್ನೊಂದಕ್ಕೆ ಏಳಬೇಕು.

ಮೂರು, ಸಂಶಯ ಮೂಡಿಸಿದ ಮೂರು ಸಂದರ್ಭಗಳನ್ನು ಅಂದೇ ಬರೆಯಬೇಕು. ನನಗೇನು ತಿಳಿದಿತ್ತು, ಏಕೆ ಹಾಗೆ ಆಡಿದೆ ಎಂಬುದು ಮೊದಲು; ಸೋಲು ಗೆಲುವು ಕೊನೆಗೆ.

ನಾಲ್ಕು, ಮೂರು ತಿಂಗಳಿಗೆ ಒಂದೇ ಒಂದು ದೌರ್ಬಲ್ಯವನ್ನು ತಿದ್ದಿಕೊಳ್ಳಬೇಕು. ಉದಾಹರಣೆಗೆ, ಕೈಯಲ್ಲಿ ಎರಡು ಆಟೀನು, ಮೇಜಿನ ಮೇಲೆ ಎರಡು ಆಟೀನು ಇದ್ದು, ಇನ್ನೊಂದೇ ಎಲೆ ಬರಬೇಕಿದೆ ಎನ್ನೋಣ. ಕಾಣದ 46 ಎಲೆಗಳಲ್ಲಿ ಆಟೀನು ಒಂಬತ್ತು, ಅಂದರೆ ಐದರಲ್ಲಿ ಒಂದು ಅವಕಾಶ. ಮೇಜಿನ ಮೇಲಿನ ಮೊತ್ತ ನಾನು ಹಾಕಬೇಕಾದುದರ ನಾಲ್ಕು ಪಟ್ಟಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಎಲೆಗಳನ್ನು ಕೆಳಗಿಡುವುದೇ ಲೇಸು. ಈ ಲೆಕ್ಕ ಗೊತ್ತಿದ್ದೂ ನಾನು ಆಸೆಗೆ ಬಲಿಯಾಗುತ್ತಿದ್ದೆ. ಬರೆದ ಮೇಲೆ ಅದು ಕಡಿಮೆಯಾಯಿತು.

ಈ ಪುಸ್ತಕ ಅಡುಗೆಮನೆಯ ಕಪಾಟಿನಲ್ಲಿ, ಹೆಂಡತಿಯ ಕೈಗೆಟಕುವಲ್ಲಿ ಇರುತ್ತದೆ. ನಾನು ಶ್ರೀಮಂತನೇನೂ ಆಗಿಲ್ಲ. ಕ್ಯಾಸಿನೊ ಆಟದ ಹಣದಿಂದ ತನ್ನ ಪಾಲನ್ನು ತೆಗೆದುಕೊಳ್ಳುವುದರಿಂದ ಮೇಜಿನ ಸುತ್ತ ಕುಳಿತವರ ಒಟ್ಟು ಹಣ ಕರಗುತ್ತಲೇ ಇರುತ್ತದೆ. ಸುಧಾರಿಸಿದ್ದು ನನ್ನ ಆಟ, ಅದಕ್ಕಿಂತ ಮಿಗಿಲಾಗಿ ನನ್ನ ಪ್ರಾಮಾಣಿಕತೆ.

ಅಕ್ಕನ ಆತಂಕವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5, 2013ರಲ್ಲಿ ಜೂಜಿನ ಗೀಳನ್ನು ಮದ್ಯದ ಚಟದ ಸಾಲಿನಲ್ಲೇ ಸೇರಿಸಿತು. ಅದರ ಒಂಬತ್ತು ಲಕ್ಷಣಗಳಲ್ಲಿ ನಾಲ್ಕು ಒಂದು ವರ್ಷದೊಳಗೆ ಕಂಡರೆ ಅದು ರೋಗ. ಕಳೆದ ಹಣದ ಬೆನ್ನಟ್ಟುವುದು ಒಂದು ಲಕ್ಷಣ, ಮುಚ್ಚಿಡಲು ಸುಳ್ಳು ಹೇಳುವುದು ಇನ್ನೊಂದು. ಆ ರಾತ್ರಿ ಎರಡೂ ನನ್ನಲ್ಲಿದ್ದವು. ತಾವೇ ಬರೆದ ಗೆರೆಯನ್ನು ಮತ್ತೆ ಮತ್ತೆ ದಾಟುವವರಿಗೆ ಯಾವ ಪುಸ್ತಕವೂ ನೆರವಾಗದು; ಅವರು ಆಟವನ್ನು ಬಿಟ್ಟು ವೈದ್ಯರನ್ನು ಕಾಣಬೇಕು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವುದನ್ನು ಭಾರತ 2025ರ ಕಾನೂನಿನಿಂದ ನಿಷೇಧಿಸಿದೆ. ನನ್ನ ಮಾತು ಅದಕ್ಕೆ ಪ್ರೋತ್ಸಾಹವೆಂದು ಯಾರೂ ಭಾವಿಸಬಾರದು.

ಇದನ್ನೆಲ್ಲ ಇಲ್ಲಿ ಬರೆಯಲು ಇನ್ನೊಂದು ಕಾರಣವಿದೆ. ವಿದೇಶಕ್ಕೆ ಬರಬಯಸುವ ಬಂಧುಗಳ ಮಕ್ಕಳು ಆಗಾಗ ತಮ್ಮ ಗುರಿಗಳನ್ನು ನನಗೆ ಕಳುಹಿಸುತ್ತಾರೆ: ಪರೀಕ್ಷೆಯಲ್ಲಿ ಇಷ್ಟು ಅಂಕ, ಮೊದಲ ಯತ್ನದಲ್ಲೇ ರೆಸಿಡೆನ್ಸಿ, ಐದು ವರ್ಷಗಳಲ್ಲಿ ಸ್ವಂತ ಮನೆ. ಇವೆಲ್ಲ ನನ್ನ 5,000 ಡಾಲರಿನಂಥವೇ. ಯುಎಸ್‌ಎಂಎಲ್‌ಇ ಮೊದಲ ಹಂತಕ್ಕೆ 250 ಅಂಕದ ಗುರಿಯಿಟ್ಟವರ ಗುರಿಯೇ 2022ರ ಜನವರಿಯಲ್ಲಿ ಇಲ್ಲವಾಯಿತು. ಈಗ ಅಲ್ಲಿರುವುದು ಪಾಸು ಅಥವಾ ಫೇಲು ಮಾತ್ರ. ಎಂಜಿನಿಯರುಗಳ ಎಚ್‌-1ಬಿ ವೀಸಾದಲ್ಲಿ ಲಾಟರಿಯ ಪಾಲು ಎಷ್ಟೆಂಬುದು ಎಲ್ಲರಿಗೂ ತಿಳಿದದ್ದೇ.

ಆದುದರಿಂದ ನಿಮ್ಮ ಕೈಯಲ್ಲಿರುವುದನ್ನು ಬರೆಯಿರಿ. ದಿನಕ್ಕೆ ಎಷ್ಟು ಪ್ರಶ್ನೆಗಳನ್ನು ಬಿಡಿಸುವಿರಿ, ಎಷ್ಟು ಸಾಲ ಮಾಡುವಿರಿ, ಅಪ್ಪನ ಜಮೀನನ್ನು ಅಡವಿಡುವಿರೋ ಇಲ್ಲವೋ, ಎಷ್ಟು ಯತ್ನಗಳ ನಂತರ ಬೇರೆ ದಾರಿ ಹಿಡಿಯುವಿರಿ. ಈ ಕೊನೆಯ ಸಾಲನ್ನು ಮನೆಯವರ ಎದುರೇ ಬರೆಯಿರಿ. ಅಲ್ಲಿ ನಿಲ್ಲುವುದನ್ನು ಸೋಲೆಂದು ಯಾರೂ ಕರೆಯದಿರಲಿ.

ಅಕ್ಕನಿಗೆ ಆ ನಾಲ್ಕು ಸಾಲುಗಳ ಫೋಟೊ ಕಳುಹಿಸಿದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಕರೆ ಮಾಡಿ ಒಂದೇ ಮಾತು ಕೇಳಿದಳು: "ಹನ್ನೊಂದಕ್ಕೆ ಎದ್ದೇಳ್ತೀಯ ತಾನೆ?"

ಏಳುತ್ತಿದ್ದೇನೆ.